ಗೋರಾ ಸರ್ ಕಟ್ಟಿದ ದಾರ

ಸರ್ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಆರಕ್ಕೆ ಬಂತು. ಅರ್ಧ ಗಂಟೆಯೊಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನನಗೆ ಹಾಕಲು ಮನಸ್ಸಾಗಲಿಲ್ಲ. ಅವರಿಗೆ ನಾನೊಂದು ಹಾಳೆ ಬರೆದು ಕೊಡುವುದು ಬಾಕಿ ಇತ್ತು. ಕಾಲೇಜಿನವರು ಸಂಚಿಕೆಗೆ ಲೇಖನ ಕೇಳಿದಾಗ, ಆ ಬಾಕಿಯನ್ನು ಇಲ್ಲೇ ತೀರಿಸುತ್ತೇನೆ ಅಂದುಕೊಂಡೆ.

ನಾನು ಸುಳ್ಯದ ಕಡೆಯ ಹಳ್ಳಿಯಿಂದ ಮಂಗಳೂರಿಗೆ ಡಿಗ್ರಿಗೆ ಬಂದದ್ದು 1979ರಲ್ಲಿ. ಪಠ್ಯದಲ್ಲಿ ಏನಿತ್ತು ಅಂತ ಈಗ ಕೇಳಿದರೆ ಹಳಗನ್ನಡದ ನಾಲ್ಕು ಸಾಲು ಹೇಳಿಯೇನು, ಅಷ್ಟೇ. ಆದರೆ ಕನ್ನಡ ವಿಭಾಗದ ಸರ್ ಪುಸ್ತಕ ಹಿಡಿದು ಓದುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ಅಂಗಿ, ಬಿಳಿ ಪಂಚೆ. ಎಡಗೈಯಲ್ಲಿ ಪುಸ್ತಕ. ಬಲಗೈಯ ತೋರುಬೆರಳು ಸಾಲಿನ ಕೆಳಗೆ ಮೆಲ್ಲಗೆ ಸರಿಯುತ್ತಿತ್ತು, ಒಂದನೇ ಕ್ಲಾಸಿನ ಮಗು ಓದುವ ಹಾಗೆ. ಒಂದು ಮಾತು ಅವರ ಮನಸ್ಸಿಗೆ ತಾಗಿದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಾ ನಾವೂ ಕಾಯುತ್ತಿದ್ದೆವು.

ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ಮಂದಿ ಸೇರುತ್ತಿದ್ದೆವು. ಮಾರ್ಕಿಲ್ಲ, ಹಾಜರಿ ಇಲ್ಲ. ರವೀಂದ್ರನಾಥ ಠಾಕೂರರ ‘ಗೋರಾ’ದ ಕನ್ನಡ ಅನುವಾದ ಒಂದೇ ಒಂದು ಪ್ರತಿ ಇತ್ತು. ಅದನ್ನು ಸರ್ ಒಂದು ವರ್ಷ ಓದಿದರು. ಪ್ರತಿ ತಿಂಗಳ ಕೊನೆಗೆ ನಾವು ನಮ್ಮ ಅಭಿಪ್ರಾಯ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಹಾಳೆಯ ಮೇಲೆ ಹೆಸರು ಹಾಕುವಂತಿಲ್ಲ, ರೋಲ್ ನಂಬರ್ ಮಾತ್ರ. ಹೆಸರು ನೋಡಿದರೆ ನಮ್ಮೂರಿನಲ್ಲಿ ಜಾತಿ, ಮತ ಎಲ್ಲ ತಿಳಿದುಬಿಡುತ್ತದೆ, ಆಮೇಲೆ ಮಾತು ಯಾರಿಗೆ ಬೇಕು ಅನ್ನುತ್ತಿದ್ದರು. ಅವತ್ತಿನಿಂದ ಅವರು ನಮಗೆ ಗೋರಾ ಸರ್. ನನ್ನದು ನಂಬರ್ 43.

ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ‘ಪ್ರವಾಸಿ’ ಪತ್ರಿಕೆಯಲ್ಲಿ 1907ರಿಂದ ಧಾರಾವಾಹಿಯಾಗಿ ಬಂದು 1910ರಲ್ಲಿ ಪುಸ್ತಕವಾಯಿತು. ಕಲ್ಕತ್ತೆಯ ಗೋರಾ ಆಚಾರ ಅಂದರೆ ಪ್ರಾಣ ಬಿಡುವ ತರುಣ. ಬೆಳ್ಳಗೆ, ಎತ್ತರಕ್ಕೆ, ಗುಡುಗಿನಂಥ ದನಿ. ಬಿನಯ ಅವನ ಜೀವದ ಗೆಳೆಯ. ಬ್ರಹ್ಮಸಮಾಜ ಎಂಬ ಸುಧಾರಕ ಪಂಥದ ಪರೇಶಬಾಬು, ಅವರ ಮಗಳು ಲಲಿತಾ, ಅದೇ ಸಮಾಜದ ವಾದಗಾರ ಹಾರಾನ್‌ಬಾಬು ಇವರೂ ಕಥೆಯಲ್ಲಿದ್ದಾರೆ. ಅವನ ಅಮ್ಮ ಆನಂದಮಯಿ ಲಚ್ಮಿಯಾ ಎಂಬ ಕ್ರಿಶ್ಚಿಯನ್ ಕೆಲಸದವಳನ್ನು ಇಟ್ಟುಕೊಂಡಿದ್ದಾಳೆ. ಹಾಗಾಗಿ ಅಮ್ಮನ ಕೋಣೆಯಲ್ಲಿ ಅವನು ಊಟ ಮಾಡುವುದಿಲ್ಲ. ಆದರೆ ಅವನು ಅವಳು ಹೆತ್ತ ಮಗ ಅಲ್ಲ. 1857ರ ದಂಗೆಯಲ್ಲಿ ಸತ್ತ ಒಬ್ಬ ಐರಿಷ್‌ನವನ ಮಗು ಅವನು. ಹೆತ್ತವಳು ಇವರ ಮನೆಯಲ್ಲಿ ಆಶ್ರಯ ಪಡೆದು, ಹೆರಿಗೆಯಾಗಿ ತೀರಿಕೊಂಡಳು. ಇದು ಓದುಗರಿಗೆ ಬೇಗ ಗೊತ್ತಾಗುತ್ತದೆ. ಗೋರಾನಿಗೆ ಮಾತ್ರ ಕೊನೆಯವರೆಗೂ ಗೊತ್ತಿಲ್ಲ. ಅವನು ಕಟ್ಟುನಿಟ್ಟಿನ ಮಾತಾಡಿದಷ್ಟೂ ನಮ್ಮ ಹೊಟ್ಟೆಯಲ್ಲಿ ಸಂಕಟ.

ಆ ಕೋಣೆಯಲ್ಲಿ ಎಂಥೆಂಥ ಅಭಿಪ್ರಾಯ ಬಂದವು! ಒಬ್ಬನಿಗೆ ಗೋರಾನೇ ಸರಿ. ಆಳುವವರು ನಮ್ಮನ್ನು ಹೀಯಾಳಿಸುವಾಗ ನಮ್ಮದನ್ನೆಲ್ಲ ಎದೆಗವಚಿಕೊಳ್ಳದೆ ಇನ್ನೇನು ಮಾಡಬೇಕು ಅಂತ ಅವನ ವಾದ. ಇನ್ನೊಬ್ಬನಿಗೆ ವಾದವಿವಾದದ ಪುಟಗಳೇ ಜಾಸ್ತಿ ಅನಿಸಿತು. ಹಾರಾನ್‌ಬಾಬು ಬಾಯಿ ತೆರೆದರೆ ಸಾಕು, ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಒಬ್ಬ ಹುಡುಗಿಗೆ ಮನೆಯಲ್ಲಿ ಮದುವೆ ಗೊತ್ತುಮಾಡುತ್ತಿದ್ದರು. ಅವಳು ಬರೆದದ್ದು ಒಂದೇ ಸಾಲು: ‘ಗೋರಾ ಜೈಲಿಗೆ ಹೋದ ರಾತ್ರಿ ಲಲಿತಾ ಯಾರನ್ನೂ ಕೇಳದೆ ಸ್ಟೀಮರ್ ಹತ್ತಿದಳಲ್ಲ, ನನಗೆ ಅದೇ ಕಾದಂಬರಿ.’ ಬಿಜೈಯಿಂದ ಬರುತ್ತಿದ್ದ ಕ್ರಿಶ್ಚಿಯನ್ ಹುಡುಗಿ ಎದ್ದು ನಿಂತು, ‘ಎಲ್ಲರೂ ಲಚ್ಮಿಯಾಳ ಬಗ್ಗೆ ಮಾತಾಡುತ್ತಾರೆ, ಅವಳ ಹತ್ತಿರ ಯಾಕೆ ಯಾರೂ ಮಾತಾಡೋದಿಲ್ಲ?’ ಅಂತ ಕೇಳಿದಳು. ಅವತ್ತು ಸರ್‌ನ ಬೆರಳು ಪುಟದ ಮೇಲೆ ಬಹಳ ಹೊತ್ತು ನಿಂತಿತ್ತು.

ನಮ್ಮಲ್ಲೊಬ್ಬ, ‘ಸರ್, ಬ್ರಹ್ಮಸಮಾಜ ಅಂದ್ರೆ ಬ್ರಾಹ್ಮಣರ ಸಂಘವಾ?’ ಅಂದ. ಸರ್ ಅದಕ್ಕೆ ನಗಲಿಲ್ಲ. ಮುಂದಿನ ಶನಿವಾರ ನಮ್ಮನ್ನೆಲ್ಲ ನಡೆಸಿಕೊಂಡು ಅತ್ತಾವರದ ಬಾಬುಗುಡ್ಡೆಗೆ ಹೋದರು. ಅಲ್ಲಿ ಬ್ರಹ್ಮಸಮಾಜದ ಸ್ಮಶಾನವಿದೆ. ಕುದ್ಮುಲ್ ರಂಗರಾಯರ ಸಮಾಧಿ ತೋರಿಸಿದರು. ರಾಮಮೋಹನ ರಾಯರು 1828ರಲ್ಲಿ ಕಲ್ಕತ್ತೆಯಲ್ಲಿ ಶುರುಮಾಡಿದ್ದು 1870ರಲ್ಲಿ ಮಂಗಳೂರಿಗೂ ಬಂದಿತ್ತು. ರಂಗರಾಯರು ಆ ಸಮಾಜ ಸೇರಿ, ದಲಿತ ಮಕ್ಕಳಿಗೆ ಶಾಲೆ ಕಟ್ಟಿದವರು. ಸಾರಸ್ವತ ಮನೆತನದಲ್ಲಿ ಹುಟ್ಟಿ ತಮ್ಮವರಿಂದಲೇ ದೂರವಾದವರು. ‘ಪರೇಶಬಾಬು ಬರೀ ಪುಸ್ತಕದಲ್ಲಿಲ್ಲ ಮಾರಾಯಾ, ಇಲ್ಲಿಗೆ ನಡೆದುಕೊಂಡೇ ಬರಬಹುದು’ ಅಂದರು. ಹುಲ್ಲು ಒದ್ದೆಯಾಗಿತ್ತು. ಸರ್ ಚಪ್ಪಲಿ ಬಿಟ್ಟು ನಿಂತರು. ನಾವೂ ಬಿಟ್ಟೆವು.

ಇನ್ನು ನಾನು ಮಾಡಿದ ತಪ್ಪಿನ ವಿಷಯ.

ಕೊನೆಯ ಪುಟಗಳು ಬರುವ ಮೊದಲು ಸರ್ ಒಂದು ಕೆಲಸ ಮಾಡಿದರು. ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ಕಟ್ಟುವ ಬಿಳಿ ದಾರ ಇದೆಯಲ್ಲ, ಅದರಲ್ಲಿ ಉಳಿದ ಪುಟಗಳನ್ನೆಲ್ಲ ಸೇರಿಸಿ ಅಡ್ಡ ಉದ್ದ ಕಟ್ಟಿಬಿಟ್ಟರು. ‘ತಾನು ಯಾರು ಅಂತ ಗೊತ್ತಾದ ದಿನ ಗೋರಾ ಏನು ಮಾಡುತ್ತಾನೆ? ಮುಂದಿನ ವಾರ ಬರೆದುಕೊಂಡು ಬನ್ನಿ. ಆಮೇಲೆ ದಾರ ಬಿಚ್ಚೋಣ’ ಅಂದರು.

ನನಗೆ ತಡೆಯಲಾಗಲಿಲ್ಲ. ಬರೆಯುವುದರಲ್ಲಿ ನಾನೇ ಮುಂದು ಅಂತ ಎಲ್ಲರೂ ಒಪ್ಪಿದ್ದರು, ಆ ಹೆಸರು ಉಳಿಸಿಕೊಳ್ಳಬೇಕಿತ್ತು. ಶುಕ್ರವಾರ ಸಂಜೆ ನಾನೂ ನನ್ನ ರೂಮ್‌ಮೇಟೂ ವಿಭಾಗದ ಕಸ ಗುಡಿಸುವ ಹೊತ್ತಿಗೆ ಒಳಗೆ ಹೋದೆವು. ಸರ್ ಮೇಜಿನ ಮೇಲಿದ್ದ ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಹಾಸ್ಟೆಲಿಗೆ ತಂದೆವು. ಗಂಟು ಬಿಚ್ಚಲು ಒಂದು ಗಂಟೆ ಬೇಕಾಯಿತು. ಮಳೆಗೆ ಕರೆಂಟು ಹೋಗಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ಓದಿದೆವು. ಗೋರಾನನ್ನು ಸಾಕಿದ ಅಪ್ಪ ಕೃಷ್ಣದಯಾಳ ಸಾಯುತ್ತೇನೆ ಎಂಬ ಹೆದರಿಕೆಯಲ್ಲಿ ನಿಜ ಹೇಳುತ್ತಾನೆ. ಗೋರಾ ಪರೇಶಬಾಬುವಿನ ಮನೆಗೆ ಓಡುತ್ತಾನೆ. ಸಂಜೆ ಮನೆಗೆ ಬಂದು ಆನಂದಮಯಿಯ ಪಾದಕ್ಕೆ ತಲೆ ಇಟ್ಟು, ‘ನೀನೇ ನನ್ನ ಭಾರತ’ ಅನ್ನುತ್ತಾನೆ. ‘ಅಮ್ಮಾ, ಈಗ ನಿನ್ನ ಲಚ್ಮಿಯಾಳನ್ನು ಕರಿ, ನನಗೊಂದು ಲೋಟ ನೀರು ತರಲು ಹೇಳು’ ಅನ್ನುತ್ತಾನೆ. ಅಷ್ಟರಲ್ಲಿ ವಾರ್ಡನ್ ಚಪ್ಪಲಿಯ ಸದ್ದು ಕೇಳಿತು. ಬತ್ತಿ ಆರಿಸಿ, ಪುಸ್ತಕ ಮುಚ್ಚಿ, ಕತ್ತಲಲ್ಲೇ ದಾರ ಕಟ್ಟಿದೆವು. ಬೆಳಿಗ್ಗೆ ವಾಪಸ್ ಇಟ್ಟೆವು.

ನನ್ನ ಹಾಳೆ ಬಹಳ ಚೆನ್ನಾಗಿ ಬಂದಿತ್ತು. ಲಚ್ಮಿಯಾಳ ನೀರಿನ ಲೋಟವನ್ನು ನಾನೇ ಊಹಿಸಿದ ಹಾಗೆ ಬರೆದಿದ್ದೆ. ಸರ್ ಹತ್ತು ಹಾಳೆ ಗಟ್ಟಿಯಾಗಿ ಓದಿದರು. ಗೋರಾ ಊರು ಬಿಡುತ್ತಾನೆ, ನಂಬುವುದಿಲ್ಲ, ಅಪ್ಪನ ಮೇಲೆ ಸಿಟ್ಟಾಗುತ್ತಾನೆ, ಹೀಗೆ. ನನ್ನದನ್ನು ಓದಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

‘ನೀರು ಕೇಳಿದ ಮೇಲೆ ಏನಾಗುತ್ತೆ?’

‘ಅಷ್ಟೇ ಸರ್. ಮುಗೀತು.’

‘ಮುಗೀಲಿಲ್ಲ ಮಾರಾಯಾ.’

ದಾರ ಬಿಚ್ಚಿ ಕೊನೆಯ ಪುಟ ತೆಗೆದರು. ಅದೇ ತೋರುಬೆರಳು ಕೊನೆಯ ಸಾಲಿನ ಕೆಳಗೆ ನಿಂತಿತು. ಆನಂದಮಯಿ ಅಳು ತುಂಬಿದ ದನಿಯಲ್ಲಿ ಮಗನ ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತಾಳೆ, ‘ಗೋರಾ, ಈಗ ಬಿನಯನಿಗೆ ಹೇಳಿಕಳಿಸುತ್ತೇನೆ.’ ದೂರ ಸರಿದಿದ್ದ ಗೆಳೆಯನನ್ನು ಕರೆಸುವುದು ಅವಳಿಗೆ ಮೊದಲ ಕೆಲಸ. ನಾನು ಅದನ್ನು ಓದಿಯೇ ಇರಲಿಲ್ಲ.

ಬೈಗುಳಕ್ಕೆ ಕಾಯುತ್ತಾ ನಿಂತೆ. ಸರ್ ನನ್ನ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ‘ಇದು ರವೀಂದ್ರರ ಉತ್ತರ, ಚೆನ್ನಾಗಿದೆ. ನಿನ್ನದು ಎಲ್ಲಿ?’ ಅಂದರು. ಒಂದು ಖಾಲಿ ಹಾಳೆ ತೆಗೆದು, ಮೇಲೆ 43 ಅಂತ ಬರೆದು ಕೊಟ್ಟರು. ಪ್ರಿನ್ಸಿಪಾಲರಿಗೆ ಹೇಳಲಿಲ್ಲ. ಉಳಿದ ಹತ್ತು ಮಂದಿಗೂ ಹೇಳಲಿಲ್ಲ. ಆ ಖಾಲಿ ಹಾಳೆ ನನ್ನ ಟ್ರಂಕಿನಲ್ಲಿ ಉಳಿಯಿತು.

ಆಮೇಲೆ ಬ್ಯಾಂಕಿನ ಕೆಲಸ ಸಿಕ್ಕಿತು. ಮಂಗಳೂರಿನ ಕಡೆಯವರಿಗೆ ಬ್ಯಾಂಕು ಅಂದರೆ ವರ್ಗಾವಣೆ, ವರ್ಗಾವಣೆ ಅಂದರೆ ಇಡೀ ದೇಶ. 1994ರಲ್ಲಿ ನನ್ನನ್ನು ಕಲ್ಕತ್ತೆಗೆ ಹಾಕಿದರು. ಮನೆಯವರು ಅತ್ತರು, ನನಗೆ ಒಳಗೊಳಗೆ ಖುಷಿ. ಒಂದು ವರ್ಷದಲ್ಲಿ ಬಂಗಾಳಿ ಅಕ್ಷರ ಕಲಿತೆ. ನಮ್ಮ ಶಾಖೆಯಲ್ಲಿ ಗ್ರಾಹಕರ ಬಂಗಾಳಿ ಅರ್ಜಿಯನ್ನು ತಾನೇ ಓದುತ್ತಿದ್ದ ಹೊರಗಿನ ಆಫೀಸರ್ ನಾನೊಬ್ಬನೇ ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ. ಭಾನುವಾರ ಬಿಧಾನ ಸರಣಿಯಲ್ಲಿ ನಡೆಯುತ್ತಿದ್ದೆ. ಹಿಂದೆ ಅದು ಕಾರ್ನ್‌ವಾಲಿಸ್ ಸ್ಟ್ರೀಟ್. ಸಾಧಾರಣ ಬ್ರಹ್ಮಸಮಾಜದ ಮಂದಿರ ಅಲ್ಲೇ ಇದೆ. ಕಾದಂಬರಿಯ ಮೊದಲ ಪುಟದಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ಬಿನಯ ಮಹಡಿಯಲ್ಲಿ ನಿಂತಿರುತ್ತಾನೆ. ಕೆಳಗೆ ಬೀದಿಯಲ್ಲಿ ಊರೂರು ಅಲೆದು ಹಾಡುವ ಬಾವುಲನೊಬ್ಬ ಪಂಜರದ ಗುರುತಿಲ್ಲದ ಹಕ್ಕಿಯ ಹಾಡು ಹಾಡುತ್ತಾನೆ. ಆ ಪುಟವನ್ನು ಬಂಗಾಳಿಯಲ್ಲಿ ಅಕ್ಷರ ಕೂಡಿಸಿ ಓದಿ ಮುಗಿಸಿದಾಗ ನನಗೆ ಸರ್‌ನ ಬೆರಳೇ ಕಂಡಿತು. ನಾನೂ ಬೆರಳಿಟ್ಟೇ ಓದಿದ್ದೆ.

ಸಹೋದ್ಯೋಗಿಯೊಬ್ಬರ ತಾಯಿ ಊಟಕ್ಕೆ ಕರೆದಿದ್ದರು. ಎಂಬತ್ತು ದಾಟಿದವರು. ಗೋರಾನ ಮಾತು ಬಂತು. ‘ಗೋರಾನದ್ದು ಒಂದು ದಿನದ ಕಷ್ಟ ಬಾಬಾ. ಆನಂದಮಯಿ ಆ ಗುಟ್ಟನ್ನು ಇಪ್ಪತ್ತಕ್ಕೂ ಜಾಸ್ತಿ ವರ್ಷ ಹೊತ್ತಳು. ಮಗ ತನ್ನ ಕೋಣೆಯಲ್ಲಿ ಊಟ ಮಾಡದೆ ಎದ್ದುಹೋದಾಗಲೂ ಬಾಯಿ ಬಿಡಲಿಲ್ಲ’ ಅಂದರು. ಇದೇ ನನ್ನ ಉತ್ತರ ಅಂತ ಸಂಭ್ರಮಪಟ್ಟು ಸರ್‌ಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ಕಾರ್ಡಿನಲ್ಲಿ ಜವಾಬು ಬಂತು: ‘ಆ ತಾಯಿಯ ಅಭಿಪ್ರಾಯ ಬಹಳ ದೊಡ್ಡದು. ಅವರಿಗೆ ನನ್ನ ನಮಸ್ಕಾರ ಹೇಳು. ನಿನ್ನದು?’

ನನ್ನ ತಂಗಿಯ ಮೊಮ್ಮಗಳು ಈಗ ಬಿ.ಎ. ಓದುತ್ತಿದ್ದಾಳೆ. ಚುರುಕು ಹುಡುಗಿ. ಅವಳಿಗೊಂದು ಕಾದಂಬರಿ ಪಠ್ಯವಾಗಿದೆ. ‘ಓದಿದೆಯಾ?’ ಅಂದರೆ ಮೊಬೈಲು ತೋರಿಸಿದಳು. ಹನ್ನೆರಡು ಸಾಲಿನ ಸಾರಾಂಶ, ಐದು ಮುಖ್ಯ ಅಂಶ, ಹತ್ತು ಪ್ರಶ್ನೆ, ಅದಕ್ಕೆ ನಾಲ್ಕು ನಾಲ್ಕು ಆಯ್ಕೆ. ಅವಳ ತಪ್ಪಲ್ಲ ಅದು. ನಾನು ಕಳ್ಳತನದಿಂದ ಬಿಚ್ಚಿದ ದಾರವನ್ನು ಈಗ ಮೊದಲೇ ಬಿಚ್ಚಿ ಕೊಡುತ್ತಾರೆ. ಸೆಮಿಸ್ಟರ್ ಮುಗಿಸುವ ಓಟದಲ್ಲಿ, ಖಾಲಿ ಹಾಳೆ ಕೊಟ್ಟು ಹದಿನೈದು ವರ್ಷ ಬಿಟ್ಟೂ ‘ನಿನ್ನದು?’ ಅಂತ ಕೇಳುವಷ್ಟು ಪುರುಸೊತ್ತು ಯಾವ ಮೇಷ್ಟ್ರಿಗಿದೆ? ಆ ಪುರುಸೊತ್ತನ್ನು ಅವರಿಗೆ ಕೊಡಿ ಅಂತ ನನ್ನ ಬೇಡಿಕೆ.

ಸರ್ ತೀರಿಕೊಂಡ ವಾರ ಮತ್ತೆ ಪುಸ್ತಕ ತೆಗೆದೆ. ಈ ಸಲ ಚರ್‌ಘೋಷಪುರದ ಹಳ್ಳಿಯ ಪುಟಗಳಲ್ಲಿ ಸಿಕ್ಕಿಬಿದ್ದೆ. ನೀಲಿ ಬೆಳೆಸುವ ಸಾಹೇಬರ ಕಾಟಕ್ಕೆ ಸಿಕ್ಕ ಮುಸ್ಲಿಂ ರೈತರ ಊರು ಅದು. ಅಲ್ಲಿರುವ ಒಂದೇ ಹಿಂದೂ ಮನೆ ಕ್ಷೌರಿಕನದು. ಅವನು ಜೈಲಿಗೆ ಹೋದ ಮುಸ್ಲಿಂ ರೈತನ ಮಗುವನ್ನು ಸಾಕುತ್ತಿದ್ದಾನೆ. ಗೋರಾ ಬಾಯಾರಿ ಬಂದವನು ಅಲ್ಲಿ ನೀರು ಮುಟ್ಟದೆ, ಊರನ್ನು ಹಿಂಸಿಸುವವರ ಕಡೆಯ ಬ್ರಾಹ್ಮಣ ತಹಸೀಲ್ದಾರನ ಮನೆಯ ಕಡೆ ಹೊರಡುತ್ತಾನೆ. ಆ ಮನೆಯ ಅನ್ನ ಉಂಡರೆ ಜಾತಿ ಉಳಿಯುತ್ತದೆ, ಮಗು ಸಾಕುವವನ ಮನೆಯಲ್ಲಿ ಕೆಡುತ್ತದೆ, ಇದೆಂಥ ಧರ್ಮ ಅಂತ ಅವನಿಗೆ ಉಸಿರು ಕಟ್ಟುತ್ತದೆ. ಉಣ್ಣದೆ ವಾಪಸ್ ಬರುತ್ತಾನೆ. ಕ್ಷೌರಿಕನ ಚೊಂಬನ್ನು ತಾನೇ ಚೆನ್ನಾಗಿ ಉಜ್ಜಿ ತೊಳೆದು, ಬಾವಿಯಿಂದ ತಾನೇ ಸೇದಿ ಕುಡಿಯುತ್ತಾನೆ.

ಸರ್, ನನ್ನ ಹಾಳೆ ಇದು. ಗೋರಾ ಬದಲಾದದ್ದು ತಾನು ಯಾರು ಅಂತ ಗೊತ್ತಾದ ದಿನ ಅಲ್ಲ. ಆ ಬಾವಿಕಟ್ಟೆಯಲ್ಲೇ ಅರ್ಧ ಬದಲಾಗಿದ್ದ. ಆದರೆ ಅವತ್ತು ಚೊಂಬನ್ನು ಉಜ್ಜಿದ. ನೀರು ಕುಡಿದ, ಇನ್ನೊಬ್ಬರ ಕೈಯಿಂದ ಕುಡಿಯಲಿಲ್ಲ. ಕೊನೆಯ ಸಂಜೆ ಉಜ್ಜುವುದನ್ನು ಬಿಟ್ಟ. ಚಿಕ್ಕಂದಿನಲ್ಲಿ ಸಿಡುಬು ಬಂದಾಗ ಲಚ್ಮಿಯಾಳ ಕೈಯೇ ಅವನನ್ನು ಉಳಿಸಿತ್ತು. ಅದೇ ಕೈಯಿಂದ ನೀರು ಕೇಳಿದ. ಬಿಜೈಯ ಹುಡುಗಿ ಕೇಳಿದ ಪ್ರಶ್ನೆಗೆ ಇದರಲ್ಲೂ ಉತ್ತರ ಇಲ್ಲ. ಲಚ್ಮಿಯಾ ನೀರು ತಂದಳೋ, ಏನಂದಳೋ, ಪುಸ್ತಕ ಹೇಳುವುದಿಲ್ಲ. ಅಲ್ಲಿ ಪುಟ ಖಾಲಿ ಇದೆ.

ರೋಲ್ ನಂಬರ್ 43.