ಆ ಪಿಯಾನೊ ಸೀನು

ರಾತ್ರಿ ಹನ್ನೊಂದಕ್ಕೆ ಇಂಥ ಸಿನಿಮಾ ಹಾಕ್ಕೊಂಡು ಕೂರಬಾರ್ದು ಅಂತ ಗೊತ್ತಿದ್ರೂ ಕೂತೆ. ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್‌ದು, 1978ರ 'ಆಟಮ್ ಸೊನಾಟ'. ಏಳು ವರ್ಷ ಆದ್ಮೇಲೆ ಅಮ್ಮ ಮಗಳ ಮನೆಗೆ ಬರ್ತಾಳೆ, ಅಮ್ಮ ಹೆಸರಾಂತ ಪಿಯಾನೊ ಕಲಾವಿದೆ. ಮಗಳು ಸಂಗೀತ ರಚನೆಕಾರ ಶೋಪ್ಯಾಂದು ಒಂದು ಪ್ರೆಲ್ಯೂಡ್, ಅಂದ್ರೆ ಚಿಕ್ಕ ಪಿಯಾನೊ ರಚನೆ, ತಡವರಿಸ್ಕೊಂಡು ನುಡಿಸ್ತಾಳೆ, ಆಮೇಲೆ ಅಮ್ಮ 'ಇದನ್ನ ಹೀಗಲ್ವಾ ನುಡಿಸೋದು' ಅನ್ನೋ ಹಾಗೆ ವಿವರಿಸಿ ಅದನ್ನೇ ನುಡಿಸಿ ತೋರಿಸ್ತಾಳೆ, ಪಕ್ಕದಲ್ಲಿ ಕೂತ ಮಗಳು ಪಿಯಾನೊ ನೋಡ್ತಿಲ್ಲ, ಅಮ್ಮನ ಮುಖಾನೇ ನೋಡ್ತಿದಾಳೆ. ಒಂದು ಬೈಗುಳ ಇಲ್ಲ, ಏಟಿಲ್ಲ, ಆದ್ರೂ ನಂಗೆ ಹೊಟ್ಟೆ ಹಿಂಡಿದ ಹಾಗಾಯ್ತು.

ಚಿಕ್ಕವಳಿದ್ದಾಗ ನಾನು ಬರೆದ ಕುದುರೆ ಚಿತ್ರಾನ ಅಪ್ಪಂಗೆ ತೋರಿಸಿದ್ದೆ, ಅವರು ಏನೂ ಹೇಳ್ದೆ ಪೆನ್ಸಿಲ್ ಇಸ್ಕೊಂಡು ಅದರ ಕಾಲು ತಿದ್ದಿ ವಾಪಸ್ ಕೊಟ್ರು. ಅದು ನೆನಪಿರೋದೇ ನಂಗೆ ಗೊತ್ತಿರ್ಲಿಲ್ಲ!

ಹಾರರ್ ಆದ್ರೆ ಲೈಟ್ ಹಾಕಿದ್ರೆ ಮುಗೀತು. ಇಂಥ ಸಿನಿಮಾ ನೋಡಿ ಲೈಟ್ ಹಾಕಿದ್ರೆ ಎದುರಿಗೆ ಗೋಡೆ ಮೇಲೆ ಮನೆಯವರ ಫೋಟೋ. ಯಾಕೆ ಬೇಕು ಈ ಉಸಾಬರಿ ಅಂತ ಫ್ರೆಂಡ್ಸ್ ಕೇಳ್ತಾರೆ, ನಂಗೂ ಗೊತ್ತಿಲ್ಲ ಕಣ್ರೀ. ಅಳು ಬಂದಿದ್ರೆ ಹಗುರ ಆಗ್ತಿತ್ತೇನೋ, ಬರ್ಲಿಲ್ಲ. ಎರಡು ದಿನ ಬಿಟ್ಟು ಅಪ್ಪಂಗೆ ಫೋನ್ ಮಾಡ್ದೆ, ಕುದುರೆ ವಿಷಯ ಮಾತ್ರ ಎತ್ತಲಿಲ್ಲ.