ಹನ್ನೆರಡು ಜನ, ವಾರಕ್ಕೊಂದು ಪೆನ್ನಿ

ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಸಿ ಹೊರಬಂದವರ ಮಾತುಕತೆ ಎಲ್ಲರಿಗೂ ಬಾಯಿಪಾಠ. "ವಂದನೆ ಬ್ರದರ್, ಹೇಗಿದ್ದೀರಾ?" "ದೇವರ ಕೃಪೆ, ಚೆನ್ನಾಗಿದ್ದೀವಿ." ಅಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಆಗಿರುತ್ತದೆ. ಹಾಗೆ ಹೇಳಿದವರ ಕೆಲಸ ಹೋಗಿ ಎರಡು ತಿಂಗಳಾಗಿರಬಹುದು, ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ವಾರವಾಗಿರಬಹುದು. ಅವರು ಸುಳ್ಳು ಹೇಳಿದರು ಎನ್ನಲಾಗದು. ಹಿಂದಿನಿಂದ ಹಾರ್ನ್ ಹೊಡೆಯುತ್ತಿರುವಾಗ ಗೇಟಿನ ಬಳಿ ನಿಂತು ನಿಜ ಹೇಳುವುದಾದರೂ ಹೇಗೆ?

ಬೈಬಲಿನ ಹೊಸ ಒಡಂಬಡಿಕೆಯ ಪತ್ರಿಕೆಗಳಲ್ಲಿ, ಅಂದರೆ ಮೊದಲ ಸಭೆಗಳಿಗೆ ಬರೆದ ಪತ್ರಗಳಲ್ಲಿ, "ಒಬ್ಬರಿಗೊಬ್ಬರು" ಎನ್ನುವ ಮಾತು ಎಷ್ಟು ಸಲ ಬರುತ್ತದೆ ನೋಡಿ. ಒಬ್ಬರ ಭಾರವನ್ನೊಬ್ಬರು ಹೊರಬೇಕು (ಗಲಾತ್ಯ 6:2). ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಂಡು ಪ್ರಾರ್ಥಿಸಬೇಕು (ಯಾಕೋಬ 5:16). ಕೂಡಿಬರುವುದನ್ನು ಬಿಡದೆ ಒಬ್ಬರನ್ನೊಬ್ಬರು ಪ್ರೋತ್ಸಾಹಿಸಬೇಕು (ಇಬ್ರಿಯ 10:24-25). ಮುನ್ನೂರು ಜನ ಒಂದೇ ದಿಕ್ಕಿಗೆ ಮುಖಮಾಡಿ ಮುಂದಿನ ಬೆಂಚಿನವರ ಬೆನ್ನು ನೋಡುತ್ತಾ ಕೂತರೆ ಇದರಲ್ಲಿ ಒಂದನ್ನೂ ಪಾಲಿಸಲಾಗುವುದಿಲ್ಲ. ಪಾಸ್ಟರ ಪ್ರಸಂಗ ಎಷ್ಟೇ ಚೆನ್ನಾಗಿರಲಿ, ಅನ್ಯೋನ್ಯತೆಗೆ ಬೇರೆಯದೇ ಏರ್ಪಾಡು ಬೇಕು: ಮನೆಯಲ್ಲಿ ಸೇರುವ ಚಿಕ್ಕ ಗುಂಪು, ಅಂದರೆ ಗೃಹಕೂಟ.

ಆ ಏರ್ಪಾಡಿನ ಒಳ್ಳೆಯ ಮಾದರಿಯೊಂದು ಹುಟ್ಟಿದ್ದು ಸಾಲ ತೀರಿಸುವ ಸಭೆಯಲ್ಲಿ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೆಥೊಡಿಸ್ಟ್ ಪಂಥವನ್ನು ಶುರುಮಾಡಿದ ಜಾನ್ ವೆಸ್ಲಿಯ ಜೊತೆಗಾರರು ತಮ್ಮ ಕಟ್ಟಡದ ಸಾಲದ ಲೆಕ್ಕ ಹಾಕುತ್ತಾ ಕೂತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ, ಅಂದರೆ ಒಂದು ಚಿಲ್ಲರೆ ನಾಣ್ಯ, ಕೊಡಲಿ ಎಂದರು ಅವರಲ್ಲೊಬ್ಬರಾದ ಕ್ಯಾಪ್ಟನ್ ಫಾಯ್. ಬಡವರಿಗೆ ಅದೂ ಕಷ್ಟ ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಮಂದಿ ಕಡುಬಡವರನ್ನು ನನಗೆ ಒಪ್ಪಿಸಿ, ವಾರವಾರ ಮನೆಗೆ ಹೋಗಿ ಕೇಳುತ್ತೇನೆ, ಕೊಡಲಾಗದವರದ್ದು ನಾನೇ ತುಂಬುತ್ತೇನೆ ಎಂದರು ಅವರು. ಹೀಗೆ ಹನ್ನೆರಡು ಜನರ 'ಕ್ಲಾಸ್' ಶುರುವಾಯಿತು. ಹಣ ಕೇಳಲು ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲ ಕಣ್ಣಿಗೆ ಬಿತ್ತು. ಮನೆಮನೆ ಸುತ್ತುವುದಕ್ಕೆ ಹೊತ್ತು ಸಾಲದೆ, ಒಬ್ಬರ ಮೇಲೊಬ್ಬರು ಹೇಳಿದ್ದನ್ನು ಎದುರೆದುರೇ ಬಗೆಹರಿಸುವುದು ಮೇಲೆಂದು ತೋರಿ, ಎಲ್ಲರೂ ಒಂದೆಡೆ ಸೇರತೊಡಗಿದರು. ಪೆನ್ನಿ ನೆಪವಾಯಿತು, ವಾರಕ್ಕೊಮ್ಮೆ ಮುಖ ನೋಡುವುದೇ ಮುಖ್ಯವಾಯಿತು.

ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಂಬ ಒಂದುಗೂಡಿದ ಚರ್ಚಿನೊಳಗೆ ಸೇರಿದವು. ಮೈಸೂರಿನ ವೆಸ್ಲಿ ಕೆಥೆಡ್ರಲ್ ಹೆಸರಿನಲ್ಲಿ ಆ ನೆನಪು ಇದೆ, ಕ್ಲಾಸಿನ ನೆನಪು ಮಾತ್ರ ಮಸುಕಾಗಿದೆ. ಮಂಗಳೂರಿನ ಕಥೋಲಿಕರಲ್ಲಿ ವಾಳೆ (ಒಂದು ಚರ್ಚಿಗೆ ಸೇರಿದ ಕೆಲವು ಮನೆಗಳ ಗುಂಪು), ಗುರ್ಕಾರ (ಅದರ ಮುಖಂಡ) ಎಂಬ ವ್ಯವಸ್ಥೆ ಇರುವುದರಿಂದ ಈ ಮಾತು ಅವರಿಗೆ ಹೊಸದೇನಲ್ಲ.

ಈಗ ನಮ್ಮ ಗೃಹಕೂಟಕ್ಕೆ ಬರೋಣ. ಎಂಟರಿಂದ ಹನ್ನೆರಡು ಜನ ಸಾಕು. ಬುಧವಾರ ಸಂಜೆ ಏಳೂವರೆಗೆ ಶುರುಮಾಡಿ ಒಂಬತ್ತಕ್ಕೆ ಮುಗಿಸುವುದಾದರೆ ಕೈಯಲ್ಲಿರುವುದು 90 ನಿಮಿಷ. ಎರಡು ಹಾಡಿಗೆ 10, ಬೈಬಲ್ ವಾಕ್ಯಕ್ಕೆ 20, ಪ್ರಾರ್ಥನೆಗೆ 20 ಹೋದರೆ ಮಾತಿಗೆ ಉಳಿಯುವುದು 40. ಹತ್ತು ಜನರಿದ್ದರೆ ತಲೆಗೆ ನಾಲ್ಕು ನಿಮಿಷ. ಇಪ್ಪತ್ತು ಜನರಿದ್ದರೆ ಎರಡು, ಅಷ್ಟರಲ್ಲಿ ಯಾರೂ "ಚೆನ್ನಾಗಿದ್ದೀವಿ" ದಾಟಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಹದಿನಾಲ್ಕು ದಾಟಿದ ಕೂಡಲೇ ಎರಡು ಮಾಡಿ. ಬೇಜಾರಾಗುತ್ತದೆ, ಆದರೂ ಮಾಡಿ.

ವಾಕ್ಯದ ಭಾಗ ಹತ್ತು ಹದಿನೈದು ವಚನ ಮೀರದಿರಲಿ. ಇಲ್ಲೇ ಹೆಚ್ಚಿನ ಕೂಟಗಳು ಕೆಡುವುದು: ನಡೆಸುವವರಿಗೆ ಪ್ರಸಂಗ ಮಾಡುವ ಆಸೆ. ಇಪ್ಪತ್ತು ನಿಮಿಷ ಐವತ್ತಾಗುತ್ತದೆ, ಉಳಿದವರು ಗಡಿಯಾರ ನೋಡಿ ಆಮೆನ್ ಹೇಳಿ ಎದ್ದುಹೋಗುತ್ತಾರೆ. ಪ್ರಸಂಗ ಭಾನುವಾರಕ್ಕಿದೆ. ಕೂಟದಲ್ಲಿ ನಡೆಸುವವರ ಕೆಲಸ ಒಂದು ಪ್ರಶ್ನೆ ಕೇಳಿ ಸುಮ್ಮನಾಗುವುದು. ಆಮೇಲೆ ತಮ್ಮ ವಾರದ ಸ್ಥಿತಿಯನ್ನು ಎಲ್ಲರಿಗಿಂತ ಮೊದಲು ತಾವೇ ಹೇಳುವುದು. ವೆಸ್ಲಿ 1738ರಲ್ಲಿ ಇನ್ನೂ ಚಿಕ್ಕ ಗುಂಪುಗಳಿಗೆಂದು ಬರೆದ ನಿಯಮಗಳಲ್ಲೂ ಈ ಕ್ರಮವಿದೆ. ಕಾರಣ ಸರಳ. "ಈ ವಾರ ಮಗನ ಮೇಲೆ ಕೈಮಾಡಿದೆ, ಆಮೇಲೆ ಪ್ರಾರ್ಥಿಸಲು ನಾಚಿಕೆಯಾಯಿತು" ಎಂದು ಅವರೇ ಬಾಯಿಬಿಟ್ಟರೆ ಮುಂದಿನವರು ನೆಗಡಿಗೆ ಪ್ರಾರ್ಥನೆ ಕೇಳಿ ಮುಗಿಸಲಾರರು.

ಹಾಗೆಂದು ಎಲ್ಲವನ್ನೂ ಎಲ್ಲರ ಮುಂದೆ ಹೇಳಬೇಕಾಗಿಲ್ಲ. ಹಳೆಯ ಪಾಪ, ದಾಂಪತ್ಯದ ವಿಷಯ, ಫೋನಿನಲ್ಲಿ ನೋಡಿದ್ದು, ಇವೆಲ್ಲ ಇಬ್ಬರು ಮೂವರ ನಡುವೆ, ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಮಾತಾಡುವಂಥವು.

ಕೂಟವನ್ನು ಒಡೆಯುವ ಮಾತು ಯಾವುದೆಂದು ಕೇಳಿದರೆ ಇದು: "ಸಿಸ್ಟರ್, ಒಂದು ಪ್ರಾರ್ಥನೆ ವಿಷಯ, ಯಾರಿಗೂ ಹೇಳ್ಬೇಡಿ." ಚಾಡಿಗೆ ಬಿಳಿಬಟ್ಟೆ ಉಡಿಸಿದಂತೆ. ಒಬ್ಬರ ವಿಷಯವನ್ನು ಅವರೇ ಹೇಳಬೇಕು. ಪಾಸ್ಟರ್ ಅಯ್ಯನವರಿಗೆ ತಿಳಿಸುವುದಿದ್ದರೂ ಅವರನ್ನು ಕೇಳಿಯೇ ತಿಳಿಸಬೇಕು. ವಾಟ್ಸಾಪ್ ಗುಂಪಿಗೆ ಸ್ಥಳ, ಸಮಯ ಬಿಟ್ಟು ಬೇರೇನೂ ಹೋಗಬಾರದು. ಹೇಳಿದ್ದು ಒಂದು ಸಲ ಹೊರಗೆ ಹೋದರೆ ಹೇಳಿದವರು ಮತ್ತೆ ಬಾಯಿಬಿಡುವುದಿಲ್ಲ, ಅವರನ್ನು ನೋಡಿ ಉಳಿದವರೂ ಬಿಡುವುದಿಲ್ಲ.

ಗುಟ್ಟಿಗೂ ಒಂದು ಎಲ್ಲೆಯಿದೆ, ಅದನ್ನು ಮೊದಲ ದಿನವೇ ಹೇಳಿಬಿಡಿ. ಹೆಂಡತಿಯನ್ನು ಹೊಡೆಯುವ ವಿಷಯ ಹೊರಬಿದ್ದರೆ "ಪ್ರಾರ್ಥನೆ ಮಾಡಮ್ಮ, ಹೊಂದಿಕೊಂಡು ಹೋಗು" ಎಂದು ಕಳಿಸುವುದು ಅನ್ಯಾಯ. ಆಕೆಗೆ ಆ ರಾತ್ರಿ ಮಲಗಲು ಜಾಗ ಬೇಕು, 181ರ ಮಹಿಳಾ ಸಹಾಯವಾಣಿ ಬೇಕು, ಪ್ರಾಣಭಯವಿದ್ದರೆ 112. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ತಿಳಿದವರು ದೂರು ಕೊಡುವುದು ಪೋಕ್ಸೊ ಕಾಯ್ದೆಯಂತೆ ಕಡ್ಡಾಯ, ಮಾಡಿದವರು ಸಭೆಯ ಎಷ್ಟೇ ದೊಡ್ಡ ಮನುಷ್ಯರಾಗಿರಲಿ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡದೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಜೊತೆಯಲ್ಲೇ ಕೂತು ಕರೆಮಾಡಿ. ಖಿನ್ನತೆಗೆ ಡಾಕ್ಟರ ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎನ್ನುವವರು ಸಕ್ಕರೆ ಕಾಯಿಲೆಗೂ ಹಾಗೇ ಹೇಳುತ್ತಾರಾ?

ಹಣದ ವಿಷಯ. ಕೂಟದಲ್ಲಿ ಚೀಟಿ, ಇನ್ಶೂರೆನ್ಸ್, ಸದಸ್ಯರನ್ನು ಸೇರಿಸುವ ವ್ಯಾಪಾರ ಬೇಡ. ಒಬ್ಬರಿಗೊಬ್ಬರು ಕೈಸಾಲವೂ ಬೇಡ, ತೀರಿಸಲಾಗದವರು ಮೊದಲು ಬಿಡುವುದು ಕೂಟವನ್ನೇ. ಬದಲಿಗೆ ಒಂದು ಡಬ್ಬಿ ಇಡಿ, ಆದಷ್ಟು ಹಾಕಲಿ, ನೋಟ್‌ಬುಕ್ಕಿನಲ್ಲಿ ಇಬ್ಬರು ಸಹಿ ಮಾಡಲಿ. ಅದರಿಂದ ಕೊಟ್ಟದ್ದು ಸಾಲವಲ್ಲ, ಕೊಡುಗೆ. ಯೆರೂಸಲೇಮಿನ ಮೊದಲ ಸಭೆಯಲ್ಲೇ ವಿಧವೆಯರಿಗೆ ಹಂಚುವುದರಲ್ಲಿ ಗುಣುಗುಟ್ಟುವಿಕೆ ಎದ್ದಿತ್ತು. ಸಭೆಯ ಮುಂದಾಳುಗಳಾದ ಅಪೊಸ್ತಲರು ಪ್ರಾರ್ಥನೆಯನ್ನು ಬಿಡಲಿಲ್ಲ, ಹಂಚುವ ಕೆಲಸಕ್ಕೆ ಏಳು ಮಂದಿಯನ್ನೂ ನೇಮಿಸಿದರು.

ತಿಂಡಿಯೂ ಸಣ್ಣ ವಿಷಯವಲ್ಲ. ಮೊದಲ ವಾರ ಚಹಾ, ಬಿಸ್ಕತ್ತು. ಮುಂದಿನ ಮನೆಯಲ್ಲಿ ಉಪ್ಪಿಟ್ಟು, ಆಮೇಲೆ ಕೇಸರಿಬಾತು, ಆರನೇ ವಾರಕ್ಕೆ ಬಿರಿಯಾನಿ. ಒಂದೇ ಕೋಣೆಯ ಬಾಡಿಗೆ ಮನೆಯವರು ತಮ್ಮ ಸರದಿ ಬರುವ ಮೊದಲೇ ನೆಪ ಹೇಳಿ ನಿಂತುಬಿಡುತ್ತಾರೆ. ಕೊರಿಂಥ ಪಟ್ಟಣದ ಸಭೆಯಲ್ಲಿ ಕೆಲವರು ಹೊಟ್ಟೆತುಂಬ ತಿಂದು ಕುಡಿದರು, ಇಲ್ಲದವರು ಹಸಿದಿದ್ದರು. ಅದು ಕರ್ತನ ಭೋಜನವೇ ಅಲ್ಲ ಎಂದು ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ ಗದರಿಸಿದ. ಎಲ್ಲರ ಮನೆಯಲ್ಲೂ ಚಹಾ, ಬಿಸ್ಕತ್ತು ಎಂದು ಗೊತ್ತುಮಾಡಿ.

ಯಾರಾದರೂ ಆಸ್ಪತ್ರೆ ಸೇರಿದರೆ "ಏನಾದ್ರೂ ಬೇಕಿದ್ರೆ ಹೇಳಿ" ಎನ್ನಬೇಡಿ, ಯಾರೂ ಹೇಳುವುದಿಲ್ಲ. "ನಾಳೆ ರಾತ್ರಿ ನಾನು ವಾರ್ಡಿನಲ್ಲಿ ಮಲಗ್ತೀನಿ, ಬೆಳಿಗ್ಗೆ ಇವರು ಇಡ್ಲಿ ತರ್ತಾರೆ, ಮಕ್ಕಳನ್ನು ಸ್ಕೂಲಿಂದ ಅವರು ಕರ್ಕೊಂಡು ಬರ್ತಾರೆ" ಎಂದು ಸರದಿ ಬರೆದಿಡಿ. ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದವರು ನಾಲ್ವರು, ಹಾಸಿಗೆಗೂ ನಾಲ್ಕೇ ಮೂಲೆ. ಸಾವಿನ ಮನೆಯಲ್ಲಿ ವಚನ ಹುಡುಕುವ ಆತುರ ಬೇಡ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಬಾಯಿಬಿಡದೆ ಅವನೊಂದಿಗೆ ನೆಲದ ಮೇಲೆ ಕೂತಿದ್ದರು, ಕೆಟ್ಟದ್ದು ಅವರು ಮಾತು ಶುರುಮಾಡಿದ ಮೇಲೆ.

ಒಂದು ವಾರ ತಪ್ಪಿಸಿದವರಿಗೆ ಫೋನ್ ಸಾಕು. ಎರಡನೇ ವಾರವೂ ಬಾರದಿದ್ದರೆ ಇಬ್ಬರು ಮನೆಗೆ ಹೋಗಿ. "ಯಾಕೆ ಬರಲಿಲ್ಲ" ಎಂಬ ಪ್ರಶ್ನೆ ಬಾಗಿಲಲ್ಲೇ ಬೇಡ, ಊಟ ಆಯ್ತಾ ಎಂದು ಕೇಳಿ. ಕೈಯಲ್ಲಿ ಬೈಬಲ್ ಬದಲು ಬಾಳೆಹಣ್ಣು ಇರಲಿ. ಅವರು ಕೂರಿಸಿದರೆ ಕೂತುಕೊಳ್ಳಿ, ಕೂರಿಸದಿದ್ದರೆ ಹಣ್ಣು ಕೊಟ್ಟು ಬನ್ನಿ, ಮುಂದಿನ ವಾರ ಮತ್ತೆ ಹೋಗಿ.