ಅಲಸಂದೆ ಹೇನು, ಅದನ್ನ ತಿನ್ನೋ ಹುಳ

21 ಜನವರಿ 2024, ಭಾನುವಾರ
ತೀರ್ಥಹಳ್ಳಿ ಹತ್ರ

ಅಲಸಂದೆ ಕುಡಿಗೆಲ್ಲ ಕಪ್ಪು ಹೇನು ಹತ್ತಿದೆ, ಕೆಲವು ಕಾಯಿಗಳ ಹಸಿರು ಬಣ್ಣನೇ ಕಾಣದಷ್ಟು. ಬೆಳಿಗ್ಗೆ ಅಮ್ಮ ಒಲೆ ಬೂದಿ ತಗೊಂಡು ಹೊರಟಿದ್ರು, ಪಕ್ಕದ ಮನೆ ಅಣ್ಣ ಬೇಲಿ ಆಚೆಯಿಂದಾನೇ "ಬೂದಿಗೆಲ್ಲ ಹೋಗಲ್ಲ ಮಾರಾಯ, ನಮ್ಮನೇಲಿ ಔಷಧಿ ಉಳ್ದಿದೆ, ಒಂದು ಕ್ಯಾನ್ ಹೊಡೆದ್ಬಿಡು" ಅಂದ್ರು. ಇಬ್ಬರಿಗೂ ಸ್ವಲ್ಪ ತಡೀರಿ ಅಂದೆ, ಯಾಕಂದ್ರೆ ನಿನ್ನೆ ರಾತ್ರಿ ಟಾರ್ಚ್ ಹಾಕಿ ನೋಡಿದಾಗ ಆ ಹೇನಿನ ಗುಂಪಲ್ಲೇ ಹೇನು ತಿನ್ನೋ ಸಿರ್ಫಿಡ್ ನೊಣದ ಮರಿ ಸಿಕ್ಕಿತ್ತು.

ನೋಡೋಕೆ ಚೆಂದ ಏನಿಲ್ಲ ಬಿಡಿ, ಹಕ್ಕಿ ಹಿಕ್ಕೆ ಥರ ಇರುತ್ತೆ. ಕಾಲಿಲ್ಲ, ಕಣ್ಣಿಲ್ಲ, ಮೈ ಅರ್ಧಂಬರ್ಧ ಪಾರದರ್ಶಕ, ಒಳಗಿರೋದೆಲ್ಲ ಕಾಣುತ್ತೆ. ಕಣ್ಣಿಲ್ದಿದ್ರೂ ಬೇಟೆ ಹೆಂಗೆ ಅಂದ್ರೆ, ಹಿಂಭಾಗ ಎಲೆಗೆ ಅಂಟಿಸ್ಕೊಂಡು ಚೂಪಾದ ಮುಂಭಾಗನ ಆ ಕಡೆ ಈ ಕಡೆ ಬೀಸ್ತಾ ಹೋಗುತ್ತೆ, ಹೇನು ತಾಗಿದ ತಕ್ಷಣ ಬಾಯಿಯ ಕೊಕ್ಕೆಯಿಂದ ಹಿಡಿದು ಮೇಲಕ್ಕೆ ಎತ್ತಿಬಿಡುತ್ತೆ, ಹೇನು ಗಾಳಿಯಲ್ಲಿ ಕಾಲು ಬಡೀತಾ ಇರುವಾಗಲೇ ಒಳಗಿನದನ್ನ ಹೀರಿ ಒಣ ಸಿಪ್ಪೆ ಬಿಸಾಕುತ್ತೆ. ಆಮೇಲೆ ಮುಂದಿನದು. ಕೋಶ ಕಟ್ಟೋದ್ರೊಳಗೆ ಒಂದೊಂದು ಮರಿ ನೂರಾರು ಹೇನು ಮುಗಿಸುತ್ತೆ. ಹಗಲು ಎಲೆ ಅಡಿ ಸೇರ್ಕೊಂಡಿರೋದ್ರಿಂದ ಯಾರ ಕಣ್ಣಿಗೂ ಬೀಳಲ್ಲ, ಬಿದ್ರೂ ಥೂ ಅಂತ ಹೊಸಕಿಹಾಕ್ತಾರೆ.

ದೊಡ್ಡ ನೊಣನ ಎಲ್ರೂ ನೋಡಿರ್ತಾರೆ, ಜೇನು ಅಂದ್ಕೊಂಡಿರ್ತಾರೆ ಅಷ್ಟೇ. ಕೊತ್ತಂಬರಿ ಹೂವಿನ ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತಲ್ಲ, ಅದೇ. ಇಲ್ಲಿರೋದು ಎಪಿಸಿರ್ಫಸ್ ಬಾಲ್ಟಿಯೇಟಸ್, ಸ್ವೀಡನ್ನಿನ ಕೀಟತಜ್ಞ ಡಿ ಗೀರ್ 1776ರಲ್ಲಿ ಹೆಸರಿಟ್ಟಿದ್ದು, ಯುರೋಪಿಂದ ಹಿಡಿದು ನಮ್ಮ ಅಲಸಂದೆ ಸಾಲಿನ ತನಕ ಇದೆ. ಕಿತ್ತಳೆ ಹೊಟ್ಟೆ ಮೇಲೆ ಒಂದು ದಪ್ಪ ಕಪ್ಪು ಪಟ್ಟೆ, ಜೊತೆಗೊಂದು ತೆಳು ಪಟ್ಟೆ. ವೇಷ ಮಾತ್ರ ಕಣಜದ್ದು, ಕೊಂಡಿ ಗಿಂಡಿ ಏನಿಲ್ಲ, ಕೈ ಮೇಲೆ ಕೂತ್ರೆ ಬೆವರು ನೆಕ್ಕಿ ಹೋಗುತ್ತೆ. ರೆಕ್ಕೆ ಎರಡೇ, ಜೇನಿಗೆ ನಾಲ್ಕು. ಗಂಡಿನ ಎರಡೂ ಕಣ್ಣು ನೆತ್ತಿ ಮೇಲೆ ಕೂಡಿರುತ್ತೆ, ಹೆಣ್ಣಿಗೆ ಮಧ್ಯೆ ಜಾಗ ಇರುತ್ತೆ. ಇವತ್ತು ಸಿಕ್ಕ ಒಂದೆರಡು ತೀರಾ ಕಪ್ಪಾಗಿದ್ವು, ಕೋಶ ಚಳಿಯಲ್ಲಿ ಬೆಳೆದ್ರೆ ಹಾಗೆ ಬಣ್ಣ ಗಾಢ ಆಗುತ್ತೆ, ಬಿಸಿಲು ಕಾಲದಲ್ಲಿ ಕಿತ್ತಳೆ ಜಾಸ್ತಿ.

ಯುರೋಪಲ್ಲಿ ಇದೇ ನೊಣ ಚಳಿಗಾಲ ಬರೋ ಮುಂಚೆ ಆಲ್ಪ್ಸ್, ಪಿರನೀಸ್ ಪರ್ವತ ದಾಟಿ ದಕ್ಷಿಣಕ್ಕೆ ವಲಸೆ ಹೋಗುತ್ತೆ ಅನ್ನೋದು ನಂಗೆ ಇನ್ನೂ ಅರಗಿಲ್ಲ. 2019ರಲ್ಲಿ ಪ್ರಕಟವಾದ ಒಂದು ರೇಡಾರ್ ಅಧ್ಯಯನದಲ್ಲಿ, ಇದು ಮತ್ತೆ ಇದರ ಇನ್ನೊಂದು ಸಂಬಂಧಿ ಸೇರಿ ದಕ್ಷಿಣ ಬ್ರಿಟನ್ ಮೇಲೆ ವರ್ಷಕ್ಕೆ 400 ಕೋಟಿ ತನಕ ಹಾರ್ತವೆ ಅಂತ ಲೆಕ್ಕ ಸಿಕ್ಕಿತ್ತು. ಒಂದು ಸೆಂಟಿಮೀಟರ್ ಉದ್ದದ ಜೀವ!

ಅಣ್ಣಂಗೆ ಇದೆಲ್ಲ ಹೇಳ್ದೆ. "ಹುಳ ತಿನ್ನೋ ತನಕ ಕಾಯಿ ಕಾಯ್ತದಾ?" ಅಂದ್ರು. ಪ್ರಶ್ನೆ ಸರಿನೇ ಇದೆ, ಹೇನು ಹೆಚ್ಚೋ ಸ್ಪೀಡ್ ನೋಡಿದ್ರೆ ಮರಿಗಳು ಹಿಂದೆ ಬೀಳೋದೂ ಉಂಟು. ಆದ್ರೆ ಔಷಧಿ ಹೊಡೆದ್ರೆ ಎರಡೂ ಸಾಯ್ತವೆ, ವಾಪಸ್ ಬರೋದು ಮಾತ್ರ ಹೇನೇ ಮೊದಲು. ಕೊನೆಗೆ ಮರಿ ಇರೋ ಎರಡು ಸಾಲು ಹಾಗೇ ಬಿಡೋದು, ಉಳಿದಿದ್ದಕ್ಕೆ ಅಮ್ಮನ ಬೂದಿ ಅಂತ ತೀರ್ಮಾನ ಆಯ್ತು.

ಕೊತ್ತಂಬರಿದು ಬೇರೆ ಜಗಳ. ಹೆಣ್ಣು ನೊಣಕ್ಕೆ ಮೊಟ್ಟೆ ಬಲಿಯೋಕೆ ಪರಾಗ ಬೇಕು, ನಾಲಿಗೆ ಗಿಡ್ಡ, ಆಳದ ಹೂವಿಗೆ ಎಟುಕಲ್ಲ, ಕೊತ್ತಂಬರಿ ಥರ ಬಿಚ್ಚಿಟ್ಟ ಸಣ್ಣ ಹೂವೇ ಅನುಕೂಲ, ಅದಕ್ಕೆ ಮಡಿ ಪೂರ್ತಿ ಕೀಳ್ಬೇಡಿ ಅಂದೆ. ಅಮ್ಮ ಒಪ್ಪಿದ್ರು. ಸಾರಿಗೆ ಸೊಪ್ಪು ಇನ್ಮೇಲೆ ಪೇಟೆಯಿಂದ ನಾನೇ ತರ್ಬೇಕಂತೆ, ನನ್ನ ದುಡ್ಡಲ್ಲಿ.